ಬೆಣ್ಣೆಯಲ್ಲಿ ಹಾಲಿದೆ ಎಂದು ಬರೆಯಬೇಕೆ?

2024ರ ಅಕ್ಟೋಬರ್‌ನಲ್ಲಿ ಅಮೆರಿಕದ ಕಾಸ್ಟ್ಕೋ ಮಳಿಗೆಗಳಲ್ಲಿ ಮಾರಾಟವಾಗುತ್ತಿದ್ದ ಕರ್ಕ್‌ಲ್ಯಾಂಡ್ ಬ್ರ್ಯಾಂಡಿನ ಬೆಣ್ಣೆಯನ್ನು ತಯಾರಕರು ವಾಪಸ್ ಕರೆಸಿಕೊಂಡರು. ಸುಮಾರು 80 ಸಾವಿರ ಪೌಂಡ್, ನಮ್ಮ ಲೆಕ್ಕದಲ್ಲಿ ಸರಿಸುಮಾರು 36 ಟನ್. ಬೆಣ್ಣೆ ಹಳಸಿರಲಿಲ್ಲ, ಅದಕ್ಕೆ ಏನನ್ನೂ ಬೆರೆಸಿರಲಿಲ್ಲ. ಪದಾರ್ಥಗಳ ಪಟ್ಟಿಯಲ್ಲಿ ಕ್ರೀಮ್ ಎಂದು ನಮೂದಿಸಿಯೂ ಇತ್ತು. ಆದರೆ ಆ ಪಟ್ಟಿಯ ಕೆಳಗೆ ಇರಬೇಕಾದ ‘ಇದರಲ್ಲಿ ಹಾಲು ಇದೆ’ ಎಂಬ ಸಾಲು ಕೆಲವು ಪೊಟ್ಟಣಗಳಲ್ಲಿ ಅಚ್ಚಾಗಿರಲಿಲ್ಲ. ಅಷ್ಟಕ್ಕೇ ಅಷ್ಟೂ ಬೆಣ್ಣೆ ವಾಪಸ್ ಬಂತು.

ಸುದ್ದಿ ಓದಿದ ಬಹಳಷ್ಟು ಮಂದಿ ನಕ್ಕರು. ಬೆಣ್ಣೆ ಬರುವುದು ಹಾಲಿನಿಂದ ಎಂದು ತಿಳಿಯದವರು ಯಾರಿದ್ದಾರೆ? ಇದಕ್ಕೂ ಕಾನೂನು ಬೇಕೆ, ಒಂದಿಷ್ಟು ಬುದ್ಧಿ ಉಪಯೋಗಿಸಿದರೆ ಸಾಲದೆ? ಕಡಲೆಬೀಜದ ಪೊಟ್ಟಣದ ಮೇಲೆ ‘ಕಡಲೆಬೀಜ ಇದೆ’ ಎಂದು ಬರೆದಿರುವುದನ್ನು ಕಂಡಾಗಲೂ, ಮೀನಿನ ಡಬ್ಬಿಯ ಮೇಲೆ ‘ಮೀನು ಇದೆ’ ಎಂದು ಓದಿದಾಗಲೂ ಏಳುವುದು ಇದೇ ಪ್ರಶ್ನೆ. ಪ್ರಶ್ನೆ ಸಹಜವಾದದ್ದೇ. ಅದಕ್ಕೆ ನೇರವಾದ ಉತ್ತರವೂ ಇದೆ.

ಹಾಲಿನ ಅಲರ್ಜಿ ಇರುವ ಮಗುವಿನ ತಾಯಿ ಅಂಗಡಿಯಲ್ಲಿ ಸಾಮಾನು ಕೊಳ್ಳುವ ಬಗೆಯನ್ನು ನೋಡಿದರೆ ಉತ್ತರ ತಿಳಿಯುತ್ತದೆ. ಆಕೆ ಪೊಟ್ಟಣದ ಮುಂಭಾಗದ ಚಿತ್ರ ನೋಡುವುದಿಲ್ಲ, ಹಿಂದಕ್ಕೆ ತಿರುಗಿಸುತ್ತಾಳೆ. ಇಪ್ಪತ್ತು ಮೂವತ್ತು ಪದಾರ್ಥಗಳ ಪಟ್ಟಿಯ ಕೊನೆಯಲ್ಲಿರುವ ಆ ಒಂದು ಸಾಲನ್ನು ಹುಡುಕುತ್ತಾಳೆ. ಸಾಲಿದ್ದರೆ ಪೊಟ್ಟಣ ಮರಳಿ ಕಪಾಟಿಗೆ, ಇಲ್ಲದಿದ್ದರೆ ಬುಟ್ಟಿಗೆ. ಅಂದರೆ ಆಕೆ ನಿಜವಾಗಿ ನಂಬುವುದು ಸಾಲು ಇಲ್ಲದಿರುವುದನ್ನು. ಹಾಲಿದ್ದ ಕಡೆಯಲ್ಲೆಲ್ಲ ಆ ಸಾಲು ತಪ್ಪದೆ ಇದ್ದರೆ ಮಾತ್ರ ಅದು ಇಲ್ಲದಿರುವುದಕ್ಕೆ ಬೆಲೆ. ‘ಇದು ಎಲ್ಲರಿಗೂ ಗೊತ್ತಿರುವ ವಿಷಯ, ಬರೆಯುವುದು ಬೇಡ’ ಎಂದು ತೀರ್ಮಾನಿಸುವ ಸ್ವಾತಂತ್ರ್ಯವನ್ನು ತಯಾರಕನ ಕೈಗೆ ಕೊಟ್ಟರೆ ಯಾವುದು ಎಲ್ಲರಿಗೂ ಗೊತ್ತು ಎಂಬ ಗೆರೆಯನ್ನು ಒಬ್ಬೊಬ್ಬರು ಒಂದೊಂದು ಕಡೆ ಎಳೆಯುತ್ತಾರೆ. ಬೆಣ್ಣೆಯಲ್ಲಿ ಹಾಲಿರುವುದು ಗೊತ್ತು, ಸರಿ. ಕಾಫಿಗೆ ಬೆರೆಸುವ ‘ನಾನ್-ಡೈರಿ ಕ್ರೀಮರ್’ ಪುಡಿಯಲ್ಲಿ? ಹೆಸರೇ ‘ಹಾಲಿನದಲ್ಲ’ ಎನ್ನುತ್ತದೆ. ಆದರೆ ಅಂಥ ಹಲವು ಪುಡಿಗಳಲ್ಲಿ ಸೋಡಿಯಂ ಕೇಸಿನೇಟ್ ಇರುತ್ತದೆ. ಅದು ಹಾಲಿನ ಪ್ರೋಟೀನು. ಹಾಲಿನ ಅಲರ್ಜಿಯುಳ್ಳವರಿಗೆ ತೊಂದರೆ ಕೊಡುವುದೇ ಆ ಪ್ರೋಟೀನು.

2004ರಲ್ಲಿ ಅಮೆರಿಕ ಮಾಡಿ 2006ರ ಜನವರಿಯಿಂದ ಜಾರಿಗೆ ತಂದ ಕಾನೂನಿನ ತಿರುಳು ಇದೇ. ಕೇಸಿನ್, ವೇ, ಅಲ್ಬುಮಿನ್, ಲೆಸಿಥಿನ್ ಎಂಬ ಕಾರ್ಖಾನೆಯ ಹೆಸರುಗಳನ್ನು ಬರೆದು ಸುಮ್ಮನಾಗುವಂತಿಲ್ಲ. ಹಾಲು, ಮೊಟ್ಟೆ, ಸೋಯಾ ಎಂದು ಮನೆಮಾತಿನಲ್ಲಿ ಹೇಳಬೇಕು. ಹಾಲು, ಮೊಟ್ಟೆ, ಮೀನು, ಸೀಗಡಿ-ಏಡಿಯ ಜಾತಿ, ಗೋಡಂಬಿ ಬಾದಾಮಿಯಂಥ ಮರದ ಬೀಜಗಳು, ಕಡಲೆಬೀಜ, ಗೋಧಿ, ಸೋಯಾ ಎಂಬ ಎಂಟನ್ನು ಆ ಕಾನೂನು ಹೆಸರಿಸಿತು. ಆ ಕಾನೂನಿನ ಪ್ರಕಾರ ‘ಕ್ರೀಮ್’ ಎಂದರೆ ಸಾಲದು, ಹಾಲು ಎಂಬ ಮಾತು ಇರಲೇಬೇಕು. ಬೆಣ್ಣೆಗೂ ವಿನಾಯಿತಿ ಇಲ್ಲ. ವಿನಾಯಿತಿ ಇಲ್ಲದ್ದರಿಂದಲೇ ಕ್ರೀಮರ್ ಪುಡಿಯ ಡಬ್ಬಿಯನ್ನು ತಾಯಿ ನಂಬಬಹುದು.

ಅಲರ್ಜಿ ಎಂದರೆ ಮೈ ತುರಿಸುವುದು, ನಾಲ್ಕು ದದ್ದು ಏಳುವುದು ಎಂದಷ್ಟೇ ತಿಳಿದವರಿಗೆ ಈ ಹಟ ಅತಿಯೆನಿಸಬಹುದು. ಆಹಾರದ ಅಲರ್ಜಿಯ ತೀವ್ರ ರೂಪಕ್ಕೆ ವೈದ್ಯರು ಅನಾಫಿಲ್ಯಾಕ್ಸಿಸ್ ಎನ್ನುತ್ತಾರೆ. ದೇಹದ ರಕ್ಷಣಾ ವ್ಯವಸ್ಥೆ ನಿರುಪದ್ರವಿಯಾದ ಪ್ರೋಟೀನನ್ನು ಶತ್ರುವೆಂದು ತಿಳಿದು ಹಿಸ್ಟಮಿನ್ ಮೊದಲಾದ ರಾಸಾಯನಿಕಗಳನ್ನು ಒಮ್ಮೆಗೇ ಸುರಿಯುತ್ತದೆ. ನಿಮಿಷಗಳಲ್ಲಿ ಗಂಟಲು ಊದಿಕೊಳ್ಳುತ್ತದೆ, ಶ್ವಾಸನಾಳ ಬಿಗಿಯುತ್ತದೆ, ರಕ್ತದೊತ್ತಡ ಕುಸಿಯುತ್ತದೆ. ತಡಮಾಡದೆ ತೊಡೆಯ ಸ್ನಾಯುವಿಗೆ ಅಡ್ರಿನಲಿನ್ ಚುಚ್ಚುಮದ್ದು ಕೊಡುವುದೇ ಮೊದಲ ಚಿಕಿತ್ಸೆ. ಅಲರ್ಜಿ ಕೆರಳಲು ಸಾಕಾಗುವ ಆಹಾರದ ಪ್ರಮಾಣವೂ ಬಹಳ ಕಡಿಮೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಆಹಾರ ಸಂಸ್ಥೆ ಕೂಡಿಸಿದ್ದ ತಜ್ಞರ ಸಮಿತಿ ಕಡಲೆಬೀಜದ ಪ್ರೋಟೀನಿಗೆ ಸೂಚಿಸಿದ ಆಧಾರ ಪ್ರಮಾಣ 2 ಮಿಲಿಗ್ರಾಂ. ಅಷ್ಟು ತಿಂದರೆ ಕಡಲೆಬೀಜದ ಅಲರ್ಜಿ ಇರುವ ನೂರರಲ್ಲಿ ಐದು ಮಂದಿಗೆ ಯಾವುದಾದರೊಂದು ಲಕ್ಷಣ ಕಾಣಿಸಿಕೊಳ್ಳಬಹುದು. ಒಂದೇ ಒಂದು ಕಡಲೆಬೀಜದಲ್ಲಿ 100 ಮಿಲಿಗ್ರಾಂಗೂ ಹೆಚ್ಚು ಪ್ರೋಟೀನು ಇರುತ್ತದೆ. ಕಣ್ಣಿಗೆ ಕಾಣದ, ನಾಲಿಗೆಗೆ ತಿಳಿಯದ ಅಳತೆಯಲ್ಲಿ ನಡೆಯುವ ಕೆಲಸವಿದು. ಅಲ್ಲಿ ಅನುಭವವಾಗಲೀ ಎಚ್ಚರಿಕೆಯಾಗಲೀ ಒಂದು ಹಂತದವರೆಗೆ ಮಾತ್ರ ಕಾಪಾಡುತ್ತದೆ.

ಆ ಹಂತ ಎಲ್ಲಿ ಮುಗಿಯುತ್ತದೆ ಎಂಬುದನ್ನು ಇಂಗ್ಲೆಂಡಿನ ಎರಡು ಸಾವುಗಳು ತೋರಿಸಿದವು. ಮೊದಲನೆಯದು ನಮ್ಮ ಊಟಕ್ಕೇ ಸಂಬಂಧಿಸಿದ್ದು. 2014ರ ಜನವರಿಯಲ್ಲಿ ನಾರ್ತ್ ಯಾರ್ಕ್‌ಶೈರ್‌ನ ಪಾಲ್ ವಿಲ್ಸನ್ ಎಂಬ 38 ವರ್ಷದ ವ್ಯಕ್ತಿ ಒಂದು ಇಂಡಿಯನ್ ರೆಸ್ಟೋರೆಂಟಿನಿಂದ ಚಿಕನ್ ಟಿಕ್ಕಾ ಮಸಾಲ ಕಟ್ಟಿಸಿಕೊಂಡು ಹೋದರು. ಅವರಿಗೆ ಕಡಲೆಬೀಜ ಆಗುತ್ತಿರಲಿಲ್ಲ. ‘ಬೀಜಗಳು ಬೇಡ’ ಎಂದು ಆರ್ಡರ್ ಕೊಡುವಾಗಲೇ ಹೇಳಿದ್ದರು. ಡಬ್ಬಿಯ ಮುಚ್ಚಳದ ಮೇಲೆ ಹಾಗೆಂದು ಬರೆದೂ ಕೊಟ್ಟರು. ಆ ಊಟ ತಿಂದು ಅವರು ತೀರಿಕೊಂಡರು. ಸಾಲದಲ್ಲಿದ್ದ ಮಾಲೀಕ ಖರ್ಚು ಉಳಿಸಲು ಬಾದಾಮಿ ಪುಡಿಯ ಬದಲು ಕಡಲೆಬೀಜ ಬೆರೆತ ಅಗ್ಗದ ಪುಡಿ ತರಿಸುತ್ತಿದ್ದುದು ತನಿಖೆಯಲ್ಲಿ ಹೊರಬಿತ್ತು. ಮೂರು ವಾರ ಮೊದಲು ಅದೇ ಮಾಲೀಕನ ಇನ್ನೊಂದು ಹೋಟೆಲಿನಲ್ಲಿ ಊಟ ಮಾಡಿದ ಹದಿಹರೆಯದ ಹುಡುಗಿಯೊಬ್ಬಳು ಆಸ್ಪತ್ರೆ ಸೇರಿದ್ದಳು. ಆಗಲೂ ಅಡುಗೆಮನೆಯಲ್ಲಿ ಏನೂ ಬದಲಾಗಿರಲಿಲ್ಲ. 2016ರಲ್ಲಿ ನ್ಯಾಯಾಲಯ ಆತನಿಗೆ ಆರು ವರ್ಷ ಜೈಲು ವಿಧಿಸಿತು.

ವಿಲ್ಸನ್ ಮಾಡದೆ ಬಿಟ್ಟ ಎಚ್ಚರಿಕೆ ಯಾವುದು? ಕೇಳಬೇಕಾದುದನ್ನು ಕೇಳಿದ್ದರು, ಹೇಳಬೇಕಾದುದನ್ನು ಹೇಳಿದ್ದರು. ಅಡುಗೆಮನೆಯೊಳಗೆ ಯಾವ ಪುಡಿಯ ಜಾಗಕ್ಕೆ ಯಾವ ಪುಡಿ ಬಂದಿದೆ ಎಂಬುದನ್ನು ಹೊರಗೆ ನಿಂತ ಗಿರಾಕಿ ಯಾವ ಬುದ್ಧಿಯಿಂದಲೂ ಊಹಿಸಲಾರ.

ಎರಡನೆಯದು ನತಾಶಾ ಎಡ್ನನ್-ಲಪರೂಸ್ ಎಂಬ ಹದಿನೈದರ ಹುಡುಗಿಯದು. 2016ರ ಜುಲೈ 17ರಂದು ತಂದೆ ಮತ್ತು ಗೆಳತಿಯ ಜೊತೆ ಫ್ರಾನ್ಸಿನ ನೀಸ್ ನಗರಕ್ಕೆ ಹೊರಟಿದ್ದ ಆಕೆ ಲಂಡನ್ನಿನ ಹೀಥ್ರೂ ವಿಮಾನ ನಿಲ್ದಾಣದಲ್ಲಿ ಪ್ರೆಟ್ ಎ ಮಾಂಜೆ ಮಳಿಗೆಯ ಒಂದು ಬಗೆಟ್ ಕೊಂಡಳು. ಆಲಿವ್ ಮತ್ತು ಆರ್ಟಿಚೋಕ್ ತುಂಬಿದ ಉದ್ದನೆಯ ಬ್ರೆಡ್ಡು ಅದು. ಅವಳಿಗೆ ಎಳ್ಳಿನ ಅಲರ್ಜಿ ಇತ್ತು. ಪೊಟ್ಟಣದ ಮೇಲೆ ಎಳ್ಳಿನ ಸುದ್ದಿ ಇರಲಿಲ್ಲ. ಬ್ರೆಡ್ಡಿನ ಮೇಲೂ ಎಳ್ಳು ಕಾಣುತ್ತಿರಲಿಲ್ಲ, ಏಕೆಂದರೆ ಅದನ್ನು ಹಿಟ್ಟಿನೊಳಗೇ ಕಲಸಿ ಬೇಯಿಸಿದ್ದರು. ವಿಮಾನ ಮೇಲೇರಿದ ಮೇಲೆ ಮೈತುಂಬ ದದ್ದು ಎದ್ದು ಉಸಿರಾಟ ಕಷ್ಟವಾಯಿತು. ತಂದೆ ಎರಡು ಅಡ್ರಿನಲಿನ್ ಪೆನ್ನುಗಳನ್ನು ಚುಚ್ಚಿದರೂ ಫಲಿಸಲಿಲ್ಲ. ಅದೇ ದಿನ ನೀಸ್‌ನ ಆಸ್ಪತ್ರೆಯಲ್ಲಿ ಆಕೆ ಸತ್ತಳು.

ಇಲ್ಲಿ ಕಾನೂನಿನ ಉಲ್ಲಂಘನೆ ಆಗಿರಲಿಲ್ಲ ಎಂಬುದೇ ದೊಡ್ಡ ವಿಷಯ. ಐರೋಪ್ಯ ಒಕ್ಕೂಟದ ನಿಯಮ 2014ರ ಡಿಸೆಂಬರ್‌ನಿಂದಲೇ ಎಳ್ಳು, ಸಾಸಿವೆ ಸೇರಿದಂತೆ 14 ಅಲರ್ಜಿಕಾರಕಗಳನ್ನು ನಮೂದಿಸಬೇಕೆಂದು ಹೇಳಿತ್ತು. ಆದರೆ ಮಳಿಗೆಯಲ್ಲೇ ತಯಾರಿಸಿ ಅಲ್ಲೇ ಕಟ್ಟಿ ಮಾರುವ ತಿಂಡಿಗೆ ಬ್ರಿಟನ್ನಿನಲ್ಲಿ ವಿನಾಯಿತಿ ಇತ್ತು. ‘ಅಲರ್ಜಿ ಇದ್ದವರು ಸಿಬ್ಬಂದಿಯನ್ನು ಕೇಳಿ’ ಎಂದು ಸೂಚನೆ ಹಾಕಿದರೆ ಸಾಕಾಗಿತ್ತು. ಬೀದಿ ಬದಿಯ ಸಣ್ಣ ಅಂಗಡಿಯವನಿಗೆ ಹೊರೆಯಾಗದಿರಲಿ ಎಂಬ ಒಳ್ಳೆಯ ಉದ್ದೇಶದ ವಿನಾಯಿತಿಯನ್ನು ನೂರಾರು ಮಳಿಗೆಗಳ ಕಂಪನಿಯೂ ಬಳಸಿಕೊಂಡಿತ್ತು. ಆ ಸಾವಿಗೆ ಮುಂಚಿನ ಒಂದು ವರ್ಷದಲ್ಲಿ ಎಳ್ಳಿನಿಂದ ಗಿರಾಕಿಗಳಿಗೆ ತೊಂದರೆಯಾದ 9 ಪ್ರಕರಣಗಳು ಕಂಪನಿಯ ಗಮನಕ್ಕೆ ಬಂದಿದ್ದವು ಎಂಬುದು 2018ರ ವಿಚಾರಣೆಯಲ್ಲಿ ತಿಳಿಯಿತು. ನತಾಶಾಳ ಅಪ್ಪ ಅಮ್ಮ ಪಟ್ಟುಬಿಡದೆ ಹೋರಾಡಿದರು. 2021ರ ಅಕ್ಟೋಬರ್ 1ರಿಂದ ಇಂಥ ತಿಂಡಿಯ ಪ್ರತಿ ಪೊಟ್ಟಣದ ಮೇಲೂ ಪೂರ್ತಿ ಪದಾರ್ಥಗಳ ಪಟ್ಟಿ ಇರಬೇಕು, 14 ಅಲರ್ಜಿಕಾರಕಗಳು ಎದ್ದು ಕಾಣಬೇಕು. ಜನ ಅದನ್ನು ‘ನತಾಶಾ ಕಾನೂನು’ ಎಂದೇ ಕರೆಯುತ್ತಾರೆ.

ನಿಯಮ ಬಂದರೆ ಎಲ್ಲ ಸರಿಹೋಗುತ್ತದೆ ಎನ್ನುವುದೂ ತಪ್ಪು. ಅಮೆರಿಕದಲ್ಲಿ ಎಳ್ಳಿಗೆ ಆದದ್ದನ್ನು ನೋಡಬೇಕು. 2021ರಲ್ಲಿ ಸಹಿಯಾದ ಕಾನೂನು ಎಳ್ಳನ್ನು ಒಂಬತ್ತನೆಯ ಅಲರ್ಜಿಕಾರಕವನ್ನಾಗಿ ಸೇರಿಸಿತು. 2023ರ ಜನವರಿ 1ರಿಂದ ಅದು ಜಾರಿಗೆ ಬಂತು. ಎಳ್ಳಿರುವ ಬನ್ನು, ಎಳ್ಳಿಲ್ಲದ ಬನ್ನು ಎರಡೂ ಒಂದೇ ಯಂತ್ರದಲ್ಲಿ ಬೇಯುವ ಬೇಕರಿಗಳಿಗೆ ಆ ಸಣ್ಣ ಕಾಳನ್ನು ಪೂರ್ತಿ ತೊಳೆದು ತೆಗೆಯುವುದು ಕಷ್ಟದ, ದುಡ್ಡಿನ ಕೆಲಸ. ಕೆಲವು ಕಂಪನಿಗಳು ಬೇರೆ ದಾರಿ ಹಿಡಿದವು. ಹಿಂದೆ ಎಳ್ಳಿಲ್ಲದಿದ್ದ ಬ್ರೆಡ್ಡಿಗೂ ಒಂದಿಷ್ಟು ಎಳ್ಳಿನ ಹಿಟ್ಟು ಬೆರೆಸಿ, ‘ಎಳ್ಳು ಇದೆ’ ಎಂದು ಬರೆದುಬಿಟ್ಟವು. ಕಾನೂನು ಪಾಲಿಸಿದಂತಾಯಿತು. ವರ್ಷಗಟ್ಟಲೆ ನಂಬಿ ತಿನ್ನುತ್ತಿದ್ದ ಬ್ರೆಡ್ಡು ಎಳ್ಳಿನ ಅಲರ್ಜಿಯವರ ಕೈತಪ್ಪಿತು. ಅವರಿಗಾಗಿ ಬಂದ ಕಾನೂನು ಅವರ ತಟ್ಟೆಯನ್ನೇ ಖಾಲಿ ಮಾಡಿದ್ದು ಅನ್ಯಾಯ. ಆದರೆ ಇದರಿಂದ ಕಾನೂನೇ ಬೇಡವೆಂದಾಗುವುದಿಲ್ಲ. ಬೇಡದ ಪದಾರ್ಥವನ್ನು ಲೇಬಲ್ಲಿಗಾಗಿಯೇ ಬೆರೆಸುವುದನ್ನು ತಡೆಯುವ ಮಾತು ಅದರಲ್ಲಿ ಇರಲಿಲ್ಲ ಎಂದಷ್ಟೇ ಆಗುತ್ತದೆ.

‘ಇರಬಹುದು’ ಎಂಬ ಎಚ್ಚರಿಕೆಯದು ಇನ್ನೊಂದು ಗೋಜಲು. ‘ಕಡಲೆಬೀಜದ ಅಂಶ ಇರಬಹುದು’, ‘ಬೀಜಗಳನ್ನು ಬಳಸುವ ಕಾರ್ಖಾನೆಯಲ್ಲಿ ತಯಾರಾದದ್ದು’ ಎಂಬ ಸಾಲುಗಳು ಬಿಸ್ಕತ್ತಿನಿಂದ ಹಿಡಿದು ಮಸಾಲೆಪುಡಿಯವರೆಗೆ ಎಲ್ಲೆಲ್ಲೂ ಇವೆ. ಅಮೆರಿಕದಲ್ಲೂ ಬ್ರಿಟನ್ನಿನಲ್ಲೂ ಈ ಸಾಲು ಕಡ್ಡಾಯವಲ್ಲ. ಬರೆಯುವುದು, ಬಿಡುವುದು ತಯಾರಕರ ಇಚ್ಛೆ. ಹಾಗಾಗಿ ನಿಜವಾದ ಅಪಾಯ ಇರುವಲ್ಲಿಯೂ ಅದು ಇರುತ್ತದೆ, ವಕೀಲರ ಭಯದಿಂದ ಹಾಕಿಸಿದ ಕಡೆಯೂ ಇರುತ್ತದೆ. ಎಲ್ಲ ಪೊಟ್ಟಣದ ಮೇಲೂ ಅದನ್ನೇ ಓದಿ ಓದಿ ಬೇಸತ್ತವರು ಕೊನೆಗೆ ಅದನ್ನು ಲೆಕ್ಕಿಸುವುದನ್ನೇ ಬಿಡುತ್ತಾರೆ. ಸ್ವಿಟ್ಜರ್ಲೆಂಡ್ ಇಲ್ಲಿ ಒಂದು ಅಳತೆ ಇಟ್ಟುಕೊಂಡಿದೆ. ಅರಿವಿಲ್ಲದೆ ಬೆರೆತ ಅಲರ್ಜಿಕಾರಕ ಕಿಲೋಗೆ 1 ಗ್ರಾಂ ಮೀರುವಂತಿದ್ದರೆ ಅದನ್ನು ಹೇಳಲೇಬೇಕು. ಜಪಾನಿನ ಪಟ್ಟಿಯಲ್ಲಿ ಆ ದೇಶದವರು ಹೆಚ್ಚಾಗಿ ತಿನ್ನುವ ಸೋಬಾ ಶ್ಯಾವಿಗೆಗೆ ಬಳಸುವ ಬಕ್‌ವೀಟ್ ಧಾನ್ಯವೂ ಇದೆ. ಅಳತೆ ಬೇಕು, ಪಟ್ಟಿ ಆಯಾ ನೆಲದ ಊಟಕ್ಕೆ ಹೊಂದಬೇಕು. ನಿಯಮ ಮಾಡುವವರು ಈ ಎರಡನ್ನು ಮರೆತರೆ ಲೇಬಲ್ಲು ಬರೀ ಅಕ್ಷರವಾಗಿ ಉಳಿಯುತ್ತದೆ.

ಅಧಿಕೃತ ಸಲಹೆ ದಾರಿ ತಪ್ಪಿದ ಇನ್ನೊಂದು ಉದಾಹರಣೆಯನ್ನೂ ಮುಚ್ಚಿಡಬಾರದು. 1998ರಲ್ಲಿ ಬ್ರಿಟನ್, 2000ದಲ್ಲಿ ಅಮೆರಿಕದ ಮಕ್ಕಳ ವೈದ್ಯರ ಸಂಘ, ಅಲರ್ಜಿಯ ಹಿನ್ನೆಲೆಯಿರುವ ಕುಟುಂಬದ ಮಕ್ಕಳಿಗೆ ಮೂರು ವರ್ಷದವರೆಗೆ ಕಡಲೆಬೀಜ ಕೊಡಬೇಡಿ ಎಂದವು. ಸುಮಾರು ಹತ್ತು ವರ್ಷದಲ್ಲಿ ಎರಡೂ ಕಡೆ ಆ ಸಲಹೆಯನ್ನು ಹಿಂತೆಗೆದುಕೊಂಡರು. ಲಂಡನ್ನಿನ ಕಿಂಗ್ಸ್ ಕಾಲೇಜಿನ ಗಿಡಿಯನ್ ಲ್ಯಾಕ್ ಅವರ ತಂಡ ಒಂದು ವಿಚಿತ್ರವನ್ನು ಗಮನಿಸಿತ್ತು. ಬ್ರಿಟನ್ನಿನ ಯಹೂದಿ ಮಕ್ಕಳಲ್ಲಿ ಕಡಲೆಬೀಜದ ಅಲರ್ಜಿ ಇಸ್ರೇಲಿನ ಮಕ್ಕಳಿಗಿಂತ ಹತ್ತು ಪಟ್ಟು ಹೆಚ್ಚಿತ್ತು. ಇಸ್ರೇಲಿನಲ್ಲಿ ಹಲ್ಲು ಬರುವ ಮೊದಲೇ ಮಕ್ಕಳು ‘ಬಾಂಬಾ’ ಎಂಬ ಕಡಲೆಬೀಜದ ತಿನಿಸು ಚೀಪುತ್ತಾರೆ. ಬಳಿಕ 640 ಹಸುಗೂಸುಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬೇಗ ಕಡಲೆಬೀಜ ತಿಂದ ಮಕ್ಕಳಲ್ಲಿ ಐದನೇ ವರ್ಷಕ್ಕೆ ಅಲರ್ಜಿ ಶೇ. 81ರಷ್ಟು ಕಡಿಮೆಯಾಗಿತ್ತು. ಇಲ್ಲಿ ಮನೆಮಂದಿಯ ರೂಢಿಯೇ ತಜ್ಞರ ಸಲಹೆಗಿಂತ ಮೇಲಾಗಿತ್ತು. ಆದರೆ ಅದನ್ನು ಸಾಬೀತು ಮಾಡಿದ್ದು ರೂಢಿಯ ಮೇಲಿನ ಅಭಿಮಾನವಲ್ಲ, ಎಣಿಸಿ ಅಳೆದ ಅಧ್ಯಯನ. ಎಸ್ಜಿಮಾ ಎಂಬ ಚರ್ಮರೋಗ ಅಥವಾ ಮೊಟ್ಟೆಯ ಅಲರ್ಜಿ ಇರುವ ಕೂಸಿಗೆ ಹೀಗೆ ಕೊಡುವ ಮೊದಲು ವೈದ್ಯರನ್ನು ಕೇಳಲೇಬೇಕು.

ನಮ್ಮ ದೇಶಕ್ಕೆ ಬಂದರೆ, ಲೇಬಲ್ಲಿಗಿಂತ ತಿಳಿವಳಿಕೆ ಮೇಲು ಎನ್ನುವವರು ಒಂದು ಸಂಗತಿಯನ್ನು ನೆನೆಯಬೇಕು. ಪೊಟ್ಟಣದ ಮೂಲೆಯಲ್ಲಿರುವ ಹಸಿರು ಚುಕ್ಕೆಯನ್ನು ನಾವೆಲ್ಲ ಯಾವ ತಕರಾರೂ ಇಲ್ಲದೆ ಒಪ್ಪಿದ್ದೇವೆ. ಅಕ್ಕಿಯ ಚೀಲದ ಮೇಲೆ, ಉಪ್ಪಿನ ಪೊಟ್ಟಣದ ಮೇಲೆ ಹಸಿರು ಚುಕ್ಕೆ ಕಂಡರೆ ‘ಅಕ್ಕಿ ಸಸ್ಯಾಹಾರವೆಂದು ಗೊತ್ತಿಲ್ಲವೇ’ ಎಂದು ಯಾರೂ ಕೇಳುವುದಿಲ್ಲ. ಚಾಕಲೇಟಿನಲ್ಲಿ, ಕೇಕಿನಲ್ಲಿ, ಐಸ್‌ಕ್ರೀಮಿನಲ್ಲಿ ಏನಿದೆಯೋ ಎಂಬ ಅನುಮಾನ ಬಂದಾಗ ಆ ಚುಕ್ಕೆಯೇ ಉತ್ತರ ಕೊಡಬೇಕು, ಅದಕ್ಕಾಗಿ ಅದು ಎಲ್ಲ ಕಡೆಯೂ ಇರಬೇಕು ಎಂಬುದು ನಮಗೆ ಅರ್ಥವಾಗಿದೆ. ಒಬ್ಬರ ಆಚಾರಕ್ಕೆ ಸಲ್ಲುವ ಈ ಮರ್ಯಾದೆ ಇನ್ನೊಬ್ಬರ ಉಸಿರಿಗೂ ಸಲ್ಲಬೇಕು. ಹಸಿರು ಚುಕ್ಕೆ ಅಲರ್ಜಿಯ ಬಗ್ಗೆ ಏನನ್ನೂ ಹೇಳುವುದಿಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ಹಾಲು, ಗೋಧಿ, ಕಡಲೆಬೀಜ, ಗೋಡಂಬಿ ಎಲ್ಲವೂ ಹಸಿರೇ.

ಅಲರ್ಜಿಯ ನಿಯಮ ನಮ್ಮಲ್ಲೂ ಇದೆ. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 2020ರ ಲೇಬಲ್ ನಿಯಮಾವಳಿಯ ಪ್ರಕಾರ ಗ್ಲುಟೆನ್ ಎಂಬ ಪ್ರೋಟೀನು ಇರುವ ಗೋಧಿಯಂಥ ಧಾನ್ಯ, ಸೀಗಡಿ-ಏಡಿ, ಹಾಲು, ಮೊಟ್ಟೆ, ಮೀನು, ಕಡಲೆಬೀಜ ಮತ್ತು ಮರದ ಬೀಜಗಳು, ಸೋಯಾ ಹಾಗೂ ಕಿಲೋಗೆ 10 ಮಿಲಿಗ್ರಾಂ ಅಥವಾ ಹೆಚ್ಚಿನ ಸಲ್ಫೈಟ್ ಇದ್ದರೆ ಪೊಟ್ಟಣದ ಮೇಲೆ ಹೇಳಬೇಕು. ಬೆರೆಯುವ ಸಾಧ್ಯತೆ ಇದ್ದರೆ ಅದನ್ನೂ ತಿಳಿಸಬೇಕು. ಪಟ್ಟಿ ಒಳ್ಳೆಯದೇ. ಆದರೆ ಅದರಲ್ಲಿ ಎಳ್ಳಿಲ್ಲ, ಸಾಸಿವೆಯೂ ಇಲ್ಲ. ಸಂಕ್ರಾಂತಿಯಲ್ಲಿ ಮನೆಮನೆಗೆ ಎಳ್ಳು ಬೀರುವ, ದಿನಾ ಬೆಳಗ್ಗೆ ಒಗ್ಗರಣೆಗೆ ಸಾಸಿವೆ ಸಿಡಿಸುವ ನಾಡಿನಲ್ಲಿ ಈ ಎರಡು ಬಿಟ್ಟುಹೋಗಿವೆ. 2021ರಲ್ಲೇ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಎಲ್ಲ ದೇಶಗಳೂ ಗಮನಿಸಬೇಕಾದ ಪಟ್ಟಿಗೆ ಎಳ್ಳನ್ನು ಸೇರಿಸಿದ್ದರು. ಸಾಸಿವೆ ಯುರೋಪಿನ ಪಟ್ಟಿಯಲ್ಲೂ ಕೆನಡಾದ ಪಟ್ಟಿಯಲ್ಲೂ ಇದೆ. ನಮ್ಮ ನಿಯಮದಲ್ಲಿ ಮಸಾಲೆ ಸಾಮಾನುಗಳನ್ನು ಒಂದೊಂದಾಗಿ ಹೆಸರಿಸದೆ ‘ಮಸಾಲೆ ಪದಾರ್ಥಗಳು’ ಎಂದು ಒಟ್ಟಾಗಿ ಬರೆಯಲೂ ಅವಕಾಶವಿದೆ. ಹೀಗಾಗಿ ಬೆಂಗಳೂರಿನಿಂದ ಯುರೋಪಿಗೆ ಹೋಗುವ ಪುಳಿಯೋಗರೆ ಗೊಜ್ಜಿನ ಪೊಟ್ಟಣದಲ್ಲಿ ಎಳ್ಳು, ಸಾಸಿವೆ ಎದ್ದು ಕಾಣುವಂತೆ ಅಚ್ಚಾಗಲೇಬೇಕು. ಅದೇ ಗೊಜ್ಜು ಮೈಸೂರಿನ ಅಂಗಡಿಗೆ ಹೋದರೆ ಆ ಕಟ್ಟುಪಾಡಿಲ್ಲ.

ಸಾಸಿವೆಯ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು. 2024ರ ಸೆಪ್ಟೆಂಬರ್‌ನಲ್ಲಿ ಬ್ರಿಟನ್ನಿನ ಆಹಾರ ಪ್ರಾಧಿಕಾರ, ಕಡಲೆಬೀಜದ ಅಲರ್ಜಿ ಇರುವವರು ಸಾಸಿವೆ ಬೆರೆತ ಯಾವ ತಿನಿಸನ್ನೂ ತಿನ್ನಬೇಡಿ ಎಂದು ಸಾರಿತು. ಸಾಸಿವೆ ಪುಡಿಯಲ್ಲಿ ಕಡಲೆಬೀಜದ ಅಂಶ ಸಿಕ್ಕಿತ್ತು, ಜಾಡು ಹಿಡಿದು ಹೋದಾಗ ಆ ಸಾಸಿವೆ ಭಾರತದಿಂದ ಬಂದದ್ದೆಂದು ತಿಳಿಯಿತು. ಸ್ಯಾಂಡ್‌ವಿಚ್ಚು, ಸಾಸ್, ಸಲಾಡು ಹೀಗೆ ಎಷ್ಟೋ ಸರಕು ಅಂಗಡಿಗಳಿಂದ ವಾಪಸ್ಸಾದವು. ಸಾಸಿವೆಯಲ್ಲಿ ಕಡಲೆಬೀಜ ಹುಡುಕುವಷ್ಟು ತಿಳಿವಳಿಕೆಯನ್ನು ಯಾವ ಗಿರಾಕಿಯಿಂದಲೂ ನಿರೀಕ್ಷಿಸಲಾಗದು.

ನಮ್ಮ ಅಡುಗೆಮನೆಯದೇ ಒಂದು ಉದಾಹರಣೆ ಬೇಕಿದ್ದರೆ ಇಂಗಿನ ಡಬ್ಬಿಯನ್ನು ತೆಗೆದು ನೋಡಬಹುದು. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಪ್ಲಾಸ್ಟಿಕ್ ಡಬ್ಬಿ, ಸುತ್ತ ಅಂಟಿಸಿದ ಚೀಟಿ. ದೊಡ್ಡಕ್ಷರದಲ್ಲಿ ಕಂಪನಿಯ ಹೆಸರು, ಪಕ್ಕದಲ್ಲಿ ಹಸಿರು ಚುಕ್ಕೆ. ಚೀಟಿಯ ಅಂಚಿನಲ್ಲಿ, ಕನ್ನಡಕ ಇದ್ದರೂ ಬೆಳಕಿಗೆ ಹಿಡಿದೇ ಓದಬೇಕಾದ ಅಕ್ಷರದಲ್ಲಿ ಪದಾರ್ಥಗಳ ಪಟ್ಟಿ: ಅಂಟು, ಗೋಧಿ ಹಿಟ್ಟು ಅಥವಾ ಮೈದಾ, ಇಂಗು, ಎಣ್ಣೆ. ಅಂಗಡಿಯಲ್ಲಿ ಸಿಗುವುದು ಬಹುಪಾಲು ಈ ಬಂಧಾನಿ ಇಂಗು. ಅಪ್ಪಟ ಇಂಗಿನ ಘಾಟು ತಡೆಯಲಾಗದ್ದು, ಹಾಗಾಗಿ ಅದನ್ನು ಅಂಟು ಮತ್ತು ಹಿಟ್ಟಿನಲ್ಲಿ ಬೆರೆಸಿ ಹದಮಾಡುತ್ತಾರೆ. ಕೆಲವರು ಅಕ್ಕಿ ಹಿಟ್ಟು ಬಳಸುತ್ತಾರೆ, ಹಲವರು ಗೋಧಿಯನ್ನು. ಈಗ ಸೀಲಿಯಾಕ್ ಕಾಯಿಲೆ ಇರುವವರನ್ನು ನೆನೆಯಿರಿ. ಅದು ಅಲರ್ಜಿಯಲ್ಲ, ಗೋಧಿಯ ಗ್ಲುಟೆನ್‌ನಿಂದ ಕರುಳಿನ ಒಳಪದರವನ್ನು ದೇಹವೇ ಹಾಳುಮಾಡಿಕೊಳ್ಳುವ ಕಾಯಿಲೆ; ಗ್ಲುಟೆನ್ ಬಿಡುವುದೊಂದೇ ಚಿಕಿತ್ಸೆ. ವೈದ್ಯರು ಗೋಧಿ ಬಿಡಿ ಎಂದಾಗ ಅವರು ಚಪಾತಿ ಬಿಡುತ್ತಾರೆ, ಉಪ್ಪಿಟ್ಟು ಬಿಡುತ್ತಾರೆ, ಬ್ರೆಡ್ಡು ಬಿಸ್ಕತ್ತು ಮುಟ್ಟುವುದಿಲ್ಲ. ಅನ್ನ, ಸಾರು, ಮಜ್ಜಿಗೆ, ಉಪ್ಪಿನಕಾಯಿ ಸುರಕ್ಷಿತವೆಂದು ನಂಬುತ್ತಾರೆ. ಸಾರಿನ ಒಗ್ಗರಣೆಗೆ ಇಂಗು, ಮಜ್ಜಿಗೆಗೆ ಇಂಗು, ಉಪ್ಪಿನಕಾಯಿಗೂ ಇಂಗು. ಗ್ಲುಟೆನ್ ರಹಿತ ಎಂದು ಬರೆಯಬೇಕಾದರೆ ಗ್ಲುಟೆನ್ ಕಿಲೋಗೆ 20 ಮಿಲಿಗ್ರಾಂ ಮೀರಬಾರದು ಎಂಬ ಮಾನದಂಡ ನಮ್ಮಲ್ಲೂ ಇದೆ. ಆದರೆ ಸಾರಿನಲ್ಲಿ ಗೋಧಿ ಇದ್ದೀತು ಎಂದು ಊಹಿಸುವ ಅಡುಗೆಯ ಅನುಭವ ಎಷ್ಟು ಮಂದಿಗಿದೆ?

ಹೋಟೆಲ್ಲುಗಳ ಸ್ಥಿತಿ ಇನ್ನೂ ಹಿಂದಿದೆ. ಕೇಂದ್ರ ಪರವಾನಗಿ ಇರುವ ಅಥವಾ ಹತ್ತು ಮತ್ತು ಅದಕ್ಕಿಂತ ಹೆಚ್ಚು ಕಡೆ ಶಾಖೆ ಇರುವ ಹೋಟೆಲ್ಲುಗಳು 2022ರ ಜುಲೈಯಿಂದ ಅಲರ್ಜಿಕಾರಕಗಳ ವಿವರ ಕೊಡಬೇಕು. ಮೂಲೆಯ ದರ್ಶಿನಿ, ಖಾನಾವಳಿ, ಬೇಕರಿ, ಗೋಬಿ ಮಂಚೂರಿಯ ಗಾಡಿಗೆ ಇದು ಅನ್ವಯಿಸುವುದಿಲ್ಲ. ಚಿಕ್ಕ ವ್ಯಾಪಾರಿಯ ಮೇಲೆ ಕಾಗದಪತ್ರದ ಹೊರೆ ಹೇರಬಾರದು, ನಿಜ. ಆದರೆ ‘ಚಟ್ನಿಗೆ ಕಡಲೆಬೀಜ ಹಾಕಿದ್ದೀರಾ’ ಎಂದು ಕೇಳಿದರೆ ತಿಳಿದು ಉತ್ತರಿಸುವ ಒಬ್ಬರಾದರೂ ಅಲ್ಲಿರಬೇಕು. ತೆಂಗಿನಕಾಯಿ ದುಬಾರಿಯಾದಾಗ ಚಟ್ನಿಗೆ ಕಡಲೆಬೀಜ, ಹುರಿಗಡಲೆ ಹೆಚ್ಚುವುದು, ಕುರ್ಮಕ್ಕೆ ಗೋಡಂಬಿ ಅರೆದು ಹಾಕುವುದು ಅಡುಗೆಭಟ್ಟರಿಗೆ ದಿನದ ಮಾತು. ಬಡಿಸುವ ಹುಡುಗನಿಗೆ ಅದು ಗೊತ್ತಿರುವುದಿಲ್ಲ.

ಮದುವೆಯ ಪಂಕ್ತಿಯಲ್ಲಿ ಅಪಾಯ ಬರುವುದು ಪ್ರೀತಿಯಿಂದಲೇ. ‘ಗೋಡಂಬಿ ಆಗೋದಿಲ್ಲ, ಪಾಯಸ ಬೇಡ’ ಎಂದರೆ, ‘ಅಯ್ಯೋ, ಗೋಡಂಬಿ ಆರಿಸಿ ಪಕ್ಕಕ್ಕಿಟ್ಟು ಉಳಿದದ್ದು ತಗೊಳ್ಳಿ, ಒಂದು ಚಮಚಕ್ಕೆ ಏನಾಗುತ್ತೆ’ ಎಂಬ ಒತ್ತಾಯ ಬರುತ್ತದೆ. ಗೋಡಂಬಿ ಹುರಿದ ತುಪ್ಪವೂ ಅದೇ ಪಾಯಸದಲ್ಲಿದೆ ಎಂಬುದು ಬಡಿಸುವವರ ಲಕ್ಷ್ಯಕ್ಕೆ ಬರುವುದಿಲ್ಲ. ಬೇಡ ಎಂದವರಿಗೆ ಬಡಿಸಬಾರದು. ಇದಕ್ಕೆ ಯಾವ ಕಾನೂನೂ ಬೇಕಿಲ್ಲ, ತಿಳಿವಳಿಕೆ ನಿಜಕ್ಕೂ ಕೆಲಸ ಮಾಡಬೇಕಾದ ಜಾಗ ಇದೇ.

‘ಅದೆಲ್ಲ ಫಾರಿನ್ ಕಾಯಿಲೆ, ನಮ್ಮಲ್ಲಿ ಎಲ್ಲಿದೆ’ ಎನ್ನುವವರಿಗೆ ಕರ್ನಾಟಕದಲ್ಲೇ ನಡೆದ ಅಧ್ಯಯನವಿದೆ. ಯುರೋಪಿನ ಸಂಶೋಧಕರ ಜೊತೆಗೂಡಿ ಮೈಸೂರಿನ ಡಾ. ಪಿ.ಎ. ಮಹೇಶ್ ಮತ್ತು ಸಂಗಡಿಗರು ಬೆಂಗಳೂರು, ಮೈಸೂರುಗಳ ವಯಸ್ಕರನ್ನು ಪರೀಕ್ಷಿಸಿ 2016ರಲ್ಲಿ ಫಲಿತಾಂಶ ಪ್ರಕಟಿಸಿದರು. ಯಾವುದಾದರೊಂದು ಆಹಾರಕ್ಕೆ ಪ್ರತಿಕಾಯ ಇದ್ದವರು ಶೇ. 26.5, ನಿಜವಾದ ಅಲರ್ಜಿ ಇರುವ ಸಂಭವವಿದ್ದವರು ಶೇ. 1.2. ಎರಡೂ ಅಂಕಿಗಳು ಮುಖ್ಯ. ರಕ್ತಪರೀಕ್ಷೆಯ ವರದಿಯೊಂದನ್ನೇ ನೋಡಿ ಹತ್ತಾರು ಪದಾರ್ಥ ಬಿಟ್ಟುಬಿಡುವುದು ತಪ್ಪೆಂದು ಮೊದಲನೆಯದು ಎಚ್ಚರಿಸುತ್ತದೆ. ಎರಡನೆಯದನ್ನು ಅಪರೂಪವೆಂದು ತಳ್ಳಿಹಾಕುವಂತಿಲ್ಲ. ಒಂದು ಕೋಟಿ ವಯಸ್ಕರಿಗೆ ಅದು 1.2 ಲಕ್ಷ ಮಂದಿ. ಪಾಶ್ಚಾತ್ಯ ದೇಶಗಳಲ್ಲಿ ಇಂಥವರ ಜೇಬಿನಲ್ಲಿರುವ ಅಡ್ರಿನಲಿನ್ ಪೆನ್ನು ನಮ್ಮ ಔಷಧಿ ಅಂಗಡಿಗಳಲ್ಲಿ ಸುಲಭವಾಗಿ ಸಿಗುವ ವಸ್ತುವಲ್ಲ. ಮದ್ದು ಕೈಗೆಟುಕದ ಕಡೆ ಮುನ್ನೆಚ್ಚರಿಕೆಯ ಅಕ್ಷರ ಇನ್ನಷ್ಟು ಸ್ಪಷ್ಟವಾಗಿರಬೇಕು.

ಆ ಅಕ್ಷರ ಯಾವ ಭಾಷೆಯಲ್ಲಿದೆ? ಲೇಬಲ್ಲಿನ ಕಡ್ಡಾಯ ವಿವರಗಳು ಇಂಗ್ಲಿಷಿನಲ್ಲಿ ಅಥವಾ ದೇವನಾಗರಿ ಲಿಪಿಯ ಹಿಂದಿಯಲ್ಲಿ ಇರಬೇಕು ಎನ್ನುತ್ತದೆ ನಿಯಮ. ಬೇರೆ ಭಾಷೆಯನ್ನು ಜೊತೆಗೆ ಬಳಸಬಹುದು, ಬಳಸಲೇಬೇಕೆಂದಿಲ್ಲ. ಅಂದರೆ ಕನ್ನಡವೊಂದನ್ನೇ ಓದಬಲ್ಲ ಅಜ್ಜಿ ಮೊಮ್ಮಗನಿಗೆ ಬಿಸ್ಕತ್ತು ಕೊಡುವಾಗ, ಅಂಗನವಾಡಿ ಕಾರ್ಯಕರ್ತೆ ಪೊಟ್ಟಣ ಬಿಚ್ಚುವಾಗ, ಕಣ್ಣೆದುರಿಗೇ ಇರುವ ಎಚ್ಚರಿಕೆ ಅವರಿಗೆ ಎಟುಕುವುದಿಲ್ಲ. ಅವರಿಗೆ ತಿಳಿವಳಿಕೆ ಕಡಿಮೆಯೆಂದು ಹೇಳುವ ಹಕ್ಕು ಯಾರಿಗೂ ಇಲ್ಲ. ಅವರಿಗೆ ಹೇಳಬೇಕಾದುದನ್ನು ಅವರ ಭಾಷೆಯಲ್ಲಿ ಹೇಳಿಲ್ಲ.

ಆಗಬೇಕಾದ ಕೆಲಸ ದೊಡ್ಡದೇನಲ್ಲ. ಕೇಂದ್ರದ ಪ್ರಾಧಿಕಾರ ಎಳ್ಳು ಮತ್ತು ಸಾಸಿವೆಯನ್ನು ಪಟ್ಟಿಗೆ ಸೇರಿಸಬೇಕು, ಇಂಗಿನಂಥ ಸಣ್ಣ ಡಬ್ಬಿಗಳಲ್ಲೂ ಆ ಸಾಲು ಬರಿಗಣ್ಣಿಗೆ ಕಾಣುವಂತಿರಬೇಕು, ಕರ್ನಾಟಕದಲ್ಲಿ ಮಾರುವ ಪೊಟ್ಟಣಗಳ ಮೇಲೆ ಆ ಒಂದು ಸಾಲಾದರೂ ಕನ್ನಡದಲ್ಲಿ ಇರಬೇಕೆಂದು ರಾಜ್ಯ ಸರ್ಕಾರ ಒತ್ತಾಯಿಸಬೇಕು. ಅಲ್ಲಿಯವರೆಗೆ ಓದಬಲ್ಲವರು ಓದಲಾರದವರಿಗೆ ಓದಿ ಹೇಳಲಿ. ಮನೆಯಲ್ಲಿ ಅಲರ್ಜಿ ಇರುವ ಮಗುವಿದ್ದರೆ ಅದರ ಹೆಸರು, ಆಗದ ಪದಾರ್ಥ, ವೈದ್ಯರ ಫೋನ್ ನಂಬರು ಮೂರನ್ನೂ ಒಂದು ಚೀಟಿಯಲ್ಲಿ ಕನ್ನಡದಲ್ಲೇ ಬರೆದು ಶಾಲೆಯ ಟೀಚರಿಗೂ ಬಿಸಿಯೂಟದ ಅಡುಗೆಯವರಿಗೂ ಇಂದೇ ತಲುಪಿಸಿ.